ಹನ್ನೆರಡು ಲಕ್ಷದ ಲೆಕ್ಕ ಮತ್ತು ತೋಟದ ಅಡಿಕೆ

ಕಳೆದ ಫೆಬ್ರವರಿಯ ಒಂದು ಸಂಜೆ ನೆರೆಮನೆಯ ಟೀಚರ್ ಪ್ಲಾಸ್ಟಿಕ್ ಕವರ್ ಹಿಡಿದುಕೊಂಡು ಬಂದರು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಅವರಿಗೆ ಇಪ್ಪತ್ತು ವರ್ಷ ದಾಟಿದ ಸರ್ವೀಸ್. ಕವರಿನೊಳಗೆ ಕೇರಳ ಸರಕಾರದ ಜೀವ ವಿಮೆಯ ಎಸ್‌ಎಲ್‌ಐ ಪಾಸ್‌ಬುಕ್, ಪಿಎಫ್ ಲೆಕ್ಕದ ಹಾಳೆ, ಹಳೆ ಪಾಲಿಸಿಯ ರಶೀದಿಗಳು. ಎಲ್ಲದಕ್ಕಿಂತ ಮೇಲೆ ಒಂದು ಹೊಸ ಪಾಲಿಸಿಯ ಅರ್ಜಿ. ಸಹಿ ಇನ್ನೂ ಬಿದ್ದಿರಲಿಲ್ಲ.

"ಮಾಷ್ಟ್ರೇ, ಇದಕ್ಕೆ ಸೈನ್ ಹಾಕ್ಲಾ? ಮಾರ್ಚ್ ಒಳಗೆ ಕಟ್ಟಿದ್ರೆ ಟ್ಯಾಕ್ಸ್ ಉಳೀತದೆ ಅಂತ ಹೇಳಿದ್ರು. ವರ್ಷಕ್ಕೆ 48 ಸಾವಿರ."

"ಸ್ವಲ್ಪ ತಾಳಿ ಟೀಚರ್, ಮೊದಲು ಲೆಕ್ಕ ಮಾಡುವ" ಎಂದೆ. ನಾನು ಗಣಿತ ಕಲಿಸಿ ನಿವೃತ್ತನಾದವನು. ಸುತ್ತಮುತ್ತಲಿನ ನಾಲ್ಕಾರು ಮನೆಯವರ ತೆರಿಗೆ ಲೆಕ್ಕ ನೋಡಿಕೊಡುವುದು ಹಲವು ವರ್ಷಗಳ ರೂಢಿ. ಪ್ರತಿ ಫೆಬ್ರವರಿಯಲ್ಲಿ ಇದೇ ಪ್ರಶ್ನೆ ಬರುತ್ತದೆ. ಬಜೆಟ್ ದಿನ ಟಿವಿಯಲ್ಲಿ ಹೇಳುವ ಒಂದು ಸಂಖ್ಯೆ ಎಲ್ಲರ ಬಾಯಲ್ಲಿ ಉಳಿಯುತ್ತದೆ. ಈಗ ಆ ಸಂಖ್ಯೆ 12 ಲಕ್ಷ, ಅಲ್ಲಿಯವರೆಗೆ ಆದಾಯ ತೆರಿಗೆ ಇಲ್ಲ ಅಂತ. ಅದರ ಹಿಂದಿನ ಲೆಕ್ಕ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ಅದು ಗೊತ್ತಿಲ್ಲದೆ ನಮ್ಮೂರಿನ ಜನ ಎರಡು ಕಡೆ ದುಡ್ಡು ಕಳೆದುಕೊಳ್ಳುತ್ತಿದ್ದಾರೆ. ಒಂದು, ಬೇಡದ ಪಾಲಿಸಿಗೆ. ಇನ್ನೊಂದು, ಅಡಿಕೆಯ ಆದಾಯವನ್ನು ಲೆಕ್ಕಕ್ಕೆ ತಾರದೆ ಆಮೇಲೆ ಬರುವ ನೋಟಿಸಿಗೆ.

ಮೊದಲು ದರ ಹೇಗೆ ಬದಲಾಗುತ್ತ ಬಂತು ನೋಡೋಣ. 12 ಲಕ್ಷ ತೆರಿಗೆಯ ಆದಾಯ (ಕಡಿತಗಳನ್ನು ಕಳೆದು ಉಳಿಯುವ ಆದಾಯ) ಇರುವ ಒಬ್ಬರನ್ನು ಇಟ್ಟುಕೊಳ್ಳಿ. ದರವೂ ಕಡಿಮೆ, ಕಡಿತಗಳೂ ಕಡಿಮೆ ಇರುವ ಹೊಸ ಪದ್ಧತಿ ಶುರುವಾದ 2020-21ರಲ್ಲಿ ಅವರಿಗೆ ಬರುತ್ತಿದ್ದ ತೆರಿಗೆ 1,15,000 ರೂಪಾಯಿ. 2023-24ರಲ್ಲಿ ಅದು 90,000 ಆಯಿತು. 2024-25ರಲ್ಲಿ 80,000. 2025-26ರಲ್ಲಿ ಸೊನ್ನೆ. ಮೊದಲಿನ ಮೂರಕ್ಕೂ ತೆರಿಗೆಯ ಮೇಲೆ ಶೇ. 4 ಸೆಸ್ ಬೇರೆ. ಐದಾರು ವರ್ಷದಲ್ಲಿ ಇಷ್ಟು ಇಳಿದದ್ದು ಸಣ್ಣ ವಿಷಯ ಅಲ್ಲ.

2025-26ರ ಹೊಸ ಪದ್ಧತಿಯ ಸ್ಲ್ಯಾಬ್ ಹೀಗಿದೆ: 4 ಲಕ್ಷದವರೆಗೆ ಏನೂ ಇಲ್ಲ. ಅಲ್ಲಿಂದ 8 ಲಕ್ಷದವರೆಗೆ ಶೇ. 5, 12 ಲಕ್ಷದವರೆಗೆ ಶೇ. 10, 16 ಲಕ್ಷದವರೆಗೆ ಶೇ. 15, 20 ಲಕ್ಷದವರೆಗೆ ಶೇ. 20, 24 ಲಕ್ಷದವರೆಗೆ ಶೇ. 25, ಅದರ ಮೇಲೆ ಶೇ. 30. ಸಂಬಳದವರಿಗೂ ಪಿಂಚಣಿಯವರಿಗೂ ಮೊದಲೇ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ. 2026ರ ಫೆಬ್ರವರಿಯ ಬಜೆಟ್ ಈ ಸ್ಲ್ಯಾಬ್‌ಗಳನ್ನು ಮುಟ್ಟಲಿಲ್ಲ.

ಇಲ್ಲೊಂದು ವಿಷಯ ಗಮನಿಸಬೇಕು. 12 ಲಕ್ಷದವರೆಗೆ ಸ್ಲ್ಯಾಬಿನ ಪ್ರಕಾರ 60,000 ರೂಪಾಯಿ ತೆರಿಗೆ ಬರುತ್ತದೆ. ಬಂದ ಮೇಲೆ ಸರಕಾರ ಅಷ್ಟನ್ನೂ ರಿಬೇಟ್ ಅಂತ ಬಿಟ್ಟುಕೊಡುತ್ತದೆ. ಅಂದರೆ ವಿನಾಯಿತಿ ಇರುವುದು 4 ಲಕ್ಷಕ್ಕೆ ಮಾತ್ರ. 12 ಲಕ್ಷ ಅನ್ನುವುದು ರಿಬೇಟಿನ ಗಡಿ. "ಎರಡೂ ಒಂದೇ ಅಲ್ವಾ, ಕೊನೆಗೆ ಸೊನ್ನೆ ತಾನೇ" ಅಂತ ಟೀಚರ್ ಕೇಳಿದರು. ಸಂಬಳ ಒಂದೇ ಇದ್ದರೆ ಹೌದು, ಒಂದೇ. ಬೇರೆ ಆದಾಯ ಸೇರಿದ ಕೂಡಲೇ ಇವೆರಡೂ ಬೇರೆ ಬೇರೆ ಆಗುತ್ತವೆ. ಆದಾಯ 4 ಲಕ್ಷ ದಾಟಿದರೆ ತೆರಿಗೆ ಸೊನ್ನೆಯಾದರೂ ರಿಟರ್ನ್ ಸಲ್ಲಿಸಲೇಬೇಕು ಅನ್ನುವುದು ಕೂಡ ಇದೇ ಕಾರಣಕ್ಕೆ.

12 ಲಕ್ಷಕ್ಕಿಂತ ಸ್ವಲ್ಪ ಹೆಚ್ಚಾದರೆ ಪೂರ್ತಿ 60,000 ಮೈಮೇಲೆ ಬೀಳುತ್ತದೆ ಅನ್ನುವ ಹೆದರಿಕೆಯೂ ಇದೆ. ಹಾಗಾಗುವುದಿಲ್ಲ. ತೆರಿಗೆಯ ಆದಾಯ 12,10,000 ಆದರೆ, ಹೆಚ್ಚಾದ 10,000 ರೂಪಾಯಿ ಮತ್ತು ಸೆಸ್ 400 ಮಾತ್ರ ಕಟ್ಟಿದರೆ ಸಾಕು. ಸುಮಾರು 12,70,000ದವರೆಗೆ ಈ ರಿಯಾಯಿತಿ ಸಿಗುತ್ತದೆ.

ಇನ್ನು ಹಳೆ ಪದ್ಧತಿಯ ಕಡಿತಗಳ ವಿಷಯ. ಇಲ್ಲಿ ಬದಲಾದದ್ದಕ್ಕಿಂತ ಬದಲಾಗದ್ದನ್ನೇ ನೋಡಬೇಕು. ಪಿಎಫ್, ಜೀವ ವಿಮೆಯಂಥ ಉಳಿತಾಯಕ್ಕೆ ಸಿಗುವ 80ಸಿ ಅಡಿಯ ಮಿತಿ 1,50,000 ರೂಪಾಯಿ ಆದದ್ದು 2014ರಲ್ಲಿ. ಇವತ್ತಿಗೂ ಅಷ್ಟೇ. ನಾವು ವಾಸ ಮಾಡುವ ಮನೆಯ ಸಾಲದ ಬಡ್ಡಿಗೆ 2 ಲಕ್ಷ ಅಂತ ಆದದ್ದೂ 2014ರಲ್ಲೇ. ಅದೂ ಅಷ್ಟೇ ಇದೆ. ಹಳೆ ಪದ್ಧತಿಯಲ್ಲಿ 60 ದಾಟದವರ ವಿನಾಯಿತಿ ಮಿತಿ 2.5 ಲಕ್ಷ, ಅದೂ 2014ರದ್ದು. ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ಗೆ ಹೆಚ್ಚುವರಿ 50,000 ಸಿಕ್ಕಿದ್ದು 2015ರಲ್ಲಿ. ಎಸ್‌ಬಿ ಖಾತೆಯ ಬಡ್ಡಿಗೆ 10,000 ಅನ್ನುವುದು 2012ರ ಮಾತು. ಆ ಮೇಲೆ ಶಾಲೆಯ ಫೀಸು, ಸಿಮೆಂಟು, ಔಷಧಿ ಎಲ್ಲದರ ಬೆಲೆ ಎಲ್ಲಿಗೆ ಹೋಯಿತು ಅಂತ ನಾನು ಹೇಳಬೇಕಾಗಿಲ್ಲ.

ಹಳೆ ಪದ್ಧತಿಯನ್ನು ಮುಚ್ಚುತ್ತೇವೆ ಅಂತ ಸರಕಾರ ಹೇಳಿಲ್ಲ. ಮಿತಿಗಳನ್ನು ಏರಿಸದೆ ಬಿಟ್ಟಿದೆ, ಅಷ್ಟೆ. ಏರಿಸಿದ್ದೆಲ್ಲ ಹೊಸ ಪದ್ಧತಿಯಲ್ಲಿ. ಸ್ಟ್ಯಾಂಡರ್ಡ್ ಡಿಡಕ್ಷನ್ ಅಲ್ಲಿ 75,000, ಇಲ್ಲಿ 50,000. ಫ್ಯಾಮಿಲಿ ಪೆನ್ಷನ್ನಿನ ಕಡಿತ ಅಲ್ಲಿ 25,000ದವರೆಗೆ, ಇಲ್ಲಿ 15,000. ರಿಬೇಟು ಅಲ್ಲಿ 60,000, ಇಲ್ಲಿ 12,500. ಪ್ರತಿ ವರ್ಷ ಒಂದು ಕಡೆಯ ನೀರು ಏರುತ್ತಿದೆ, ಇನ್ನೊಂದು ಕೆರೆ ಹಾಗೆಯೇ ಬತ್ತುತ್ತಿದೆ. 2023-24ರಿಂದ ಹೊಸ ಪದ್ಧತಿಯೇ ಮೂಲ ಪದ್ಧತಿ. ನಾವು ಬಾಯಿಬಿಟ್ಟು ಬೇಡ ಅನ್ನದಿದ್ದರೆ ಅದರಲ್ಲೇ ಇರುತ್ತೇವೆ.

ಟೀಚರ ಲೆಕ್ಕಕ್ಕೆ ಬರೋಣ. ಗುರುತು ಸಿಗದ ಹಾಗೆ ಸಂಖ್ಯೆಗಳನ್ನು ಸ್ವಲ್ಪ ಬದಲಿಸಿದ್ದೇನೆ. ವರ್ಷದ ಸಂಬಳ 10,75,000. ಹೊಸ ಪದ್ಧತಿಯಲ್ಲಿ 75,000 ಕಳೆದು 10 ಲಕ್ಷ. ತೆರಿಗೆ 40,000, ರಿಬೇಟ್ 40,000. ಕಟ್ಟಬೇಕಾದದ್ದು ಸೊನ್ನೆ.

ಹಳೆ ಪದ್ಧತಿಯಲ್ಲಿ 50,000 ಸ್ಟ್ಯಾಂಡರ್ಡ್ ಡಿಡಕ್ಷನ್, 2,500 ವೃತ್ತಿ ತೆರಿಗೆ, 80ಸಿ ಪೂರ್ತಿ 1,50,000, ಆರೋಗ್ಯ ವಿಮೆಗೆ ಪೂರ್ತಿ 25,000 ಅಂತಲೇ ಹಿಡಿಯಿರಿ. ಉಳಿಯುವುದು 8,47,500. ಅದಕ್ಕೆ ತೆರಿಗೆ 82,000, ಸೆಸ್ ಸೇರಿ 85,280.

ಅವರ ಪಿಎಫ್, ಎಸ್‌ಎಲ್‌ಐ, ಜಿಐಎಸ್ ಗುಂಪು ವಿಮೆ ಮತ್ತು ಹಳೆ ಪಾಲಿಸಿ ಸೇರಿಯೇ 1,50,000 ತುಂಬಿ ಹೋಗಿತ್ತು. ಹಾಗಾಗಿ ಹೊಸ ಪಾಲಿಸಿಯಿಂದ ಹಳೆ ಪದ್ಧತಿಯಲ್ಲೂ ಒಂದು ರೂಪಾಯಿ ಉಳಿಯುವುದಿಲ್ಲ. ಹೊಸ ಪದ್ಧತಿಯಲ್ಲಿ 80ಸಿ ಅನ್ನುವುದೇ ಇಲ್ಲ. ಜೀವಕ್ಕೆ ರಕ್ಷಣೆ ಬೇಕು ಅಂತ ವಿಮೆ ಮಾಡಿಸಿದರೆ ಅದು ಒಳ್ಳೆಯ ವಿಷಯ, ಮಾಡಿಸಬೇಕು. ಟ್ಯಾಕ್ಸ್ ಉಳಿಸಲಿಕ್ಕೆ ಅಂತ ಇಪ್ಪತ್ತು ವರ್ಷ ವರ್ಷಕ್ಕೆ 48,000 ಕಟ್ಟುವುದಕ್ಕೆ ಈಗ ಕಾರಣವೇ ಉಳಿದಿಲ್ಲ.

ಹಾಗಾದರೆ ಹಳೆ ಪದ್ಧತಿ ಯಾರಿಗೂ ಬೇಡವೇ? ಕೆಲವರಿಗೆ ಬೇಕಾಗಬಹುದು. 15 ಲಕ್ಷ ಸಂಬಳದವರಿಗೆ ಹೊಸ ಪದ್ಧತಿಯಲ್ಲಿ ಸೆಸ್ ಸೇರಿ 97,500 ಬರುತ್ತದೆ. ಹಳೆ ಪದ್ಧತಿಯಲ್ಲಿ ಇದಕ್ಕಿಂತ ಕಡಿಮೆ ಆಗಬೇಕಾದರೆ, ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟು 5,43,750ಕ್ಕಿಂತ ಜಾಸ್ತಿ ಕಡಿತ ಇರಬೇಕು. 80ಸಿ, ಆರೋಗ್ಯ ವಿಮೆ, ಮನೆ ಸಾಲದ ಬಡ್ಡಿ, ಎನ್‌ಪಿಎಸ್, ವೃತ್ತಿ ತೆರಿಗೆ ಎಲ್ಲ ಪೂರ್ತಿ ತುಂಬಿಸಿದರೂ 4,27,500ಕ್ಕೆ ನಿಲ್ಲುತ್ತದೆ. ಉಳಿದದ್ದು ಮನೆ ಬಾಡಿಗೆ ಭತ್ಯೆಯಿಂದ ಬರಬೇಕು. ಬೆಂಗಳೂರಿನಲ್ಲಿ ದೊಡ್ಡ ಬಾಡಿಗೆ ಕೊಡುವ ನಮ್ಮ ಮಕ್ಕಳಿಗೆ ಅದು ಸಿಗಬಹುದು. ಇಲ್ಲಿ ಸ್ವಂತ ಮನೆಯಲ್ಲಿ ಇದ್ದು ಶಾಲೆಗೆ, ಆಫೀಸಿಗೆ ಹೋಗಿ ಬರುವವರಿಗೆ ಆ ಭತ್ಯೆಗೆ ವಿನಾಯಿತಿಯೇ ಇಲ್ಲ.

ಟೀಚರ್ ಸಮಾಧಾನದಿಂದ ಕವರ್ ಕಟ್ಟಲಿಕ್ಕೆ ಶುರು ಮಾಡಿದರು. ಆಗ ಇನ್ನೊಂದು ಪ್ರಶ್ನೆ ಕೇಳಿದೆ.

"ತೋಟ ಯಾರ ಹೆಸರಲ್ಲಿ ಉಂಟು?"

"ಅಪ್ಪನ ಪಾಲು ಬಂದದ್ದು, ನನ್ನ ಹೆಸರಲ್ಲೇ. ಆದ್ರೆ ಅಡಿಕೆಗೆ ಟ್ಯಾಕ್ಸ್ ಇಲ್ವಲ್ಲ ಮಾಷ್ಟ್ರೇ."

ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಅಡಿಕೆ ಕೊಯ್ದು, ಅಂಗಳದಲ್ಲಿ ಒಣಗಿಸಿ, ಸುಲಿದು ಚಾಲಿ ಮಾಡಿ ಮಾರಿದರೂ ಅದು ಕೃಷಿ ಆದಾಯವೇ. ಬೆಳೆಯನ್ನು ಮಾರುಕಟ್ಟೆಗೆ ಒಯ್ಯುವ ಹಾಗೆ ಮಾಡಲು ರೈತ ಮಾಮೂಲಾಗಿ ಮಾಡುವ ಕೆಲಸ ಅದು. ತೋಟವನ್ನು ಗೇಣಿಗೆ ಕೊಟ್ಟು ಬಂದ ಹಣವೂ ಕೃಷಿ ಆದಾಯ. ಆದರೆ ಬೇರೆಯವರ ಅಡಿಕೆ ಕೊಂಡು ಮಾರಿದರೆ ವ್ಯಾಪಾರ. ಹಟ್ಟಿಯ ಹಾಲನ್ನು ಸೊಸೈಟಿಗೆ ಹಾಕಿದ್ದು ಕೃಷಿ ಆದಾಯದಲ್ಲಿ ಬರುವುದಿಲ್ಲ. ಅದು ತುಂಬ ಜನರಿಗೆ ಗೊತ್ತಿಲ್ಲ.

ಆದರೆ ತೆರಿಗೆ ಇಲ್ಲ ಅಂದರೆ ಲೆಕ್ಕಕ್ಕೇ ಇಲ್ಲ ಅಂತ ಅರ್ಥ ಅಲ್ಲ. ನಿವ್ವಳ ಕೃಷಿ ಆದಾಯ 5,000 ರೂಪಾಯಿ ದಾಟಿದ್ದು, ಬೇರೆ ಆದಾಯ ವಿನಾಯಿತಿ ಮಿತಿಗಿಂತ ಹೆಚ್ಚಿದ್ದರೆ ಎರಡನ್ನೂ ಕೂಡಿಸಿ ದರ ನಿಗದಿ ಮಾಡುತ್ತಾರೆ. ಮೊದಲು ಸಂಬಳ ಮತ್ತು ಅಡಿಕೆ ಒಟ್ಟು ಸೇರಿಸಿ ತೆರಿಗೆ ಹಾಕುವುದು. ಆಮೇಲೆ ಅಡಿಕೆಗೆ ವಿನಾಯಿತಿ ಮಿತಿಯನ್ನು ಕೂಡಿಸಿ ಅದಕ್ಕೆಷ್ಟು ಅಂತ ನೋಡುವುದು. ಮೊದಲಿನದರಿಂದ ಎರಡನೆಯದನ್ನು ಕಳೆಯುವುದು.

ಟೀಚರ ತೋಟದಲ್ಲಿ ಖರ್ಚು ಕಳೆದು ಉಳಿದದ್ದು 4 ಲಕ್ಷ ಅಂತ ಇಟ್ಟುಕೊಳ್ಳಿ. 10 ಲಕ್ಷ ಮತ್ತು 4 ಲಕ್ಷ ಸೇರಿ 14 ಲಕ್ಷ. ಅದಕ್ಕೆ ತೆರಿಗೆ 90,000. ಇನ್ನು 4 ಲಕ್ಷ ಅಡಿಕೆ, 4 ಲಕ್ಷ ವಿನಾಯಿತಿ ಮಿತಿ, ಸೇರಿ 8 ಲಕ್ಷ. ಅದಕ್ಕೆ 20,000. ಕಳೆದರೆ 70,000. ರಿಬೇಟ್ ಎಷ್ಟು ಸಿಗುತ್ತದೆ? ಅವರ ತೆರಿಗೆಯ ಆದಾಯ 10 ಲಕ್ಷವೇ, 12ರ ಒಳಗೇ ಇದೆ. ಆದರೆ ರಿಬೇಟಿಗೆ 60,000 ರೂಪಾಯಿಯ ಮೇಲ್ಮಿತಿ ಇದೆ. ಹಾಗಾಗಿ 10,000 ಉಳಿಯಿತು. ಸೆಸ್ ಸೇರಿ 10,400.

ಕಾಗದ ನೋಡಿ ಟೀಚರ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸೊನ್ನೆ ಅಂತ ಖುಷಿಯಲ್ಲಿದ್ದವರು. ಇದನ್ನು ನಾನು ಇಷ್ಟು ಎಳೆದು ಹೇಳುವುದಕ್ಕೆ ಕಾರಣ ಇದೆ. ಪೆರ್ಲದಿಂದ ಮುಳ್ಳೇರಿಯದವರೆಗೆ ಒಂದು ಸಂಬಳ ಮತ್ತು ಒಂದು ತೋಟ ಎರಡೂ ಇರುವ ಮನೆಗಳು ಎಷ್ಟೋ ಇವೆ. "12 ಲಕ್ಷದವರೆಗೆ ತೆರಿಗೆ ಇಲ್ಲ" ಅನ್ನುವ ಮಾತು ಆ ಮನೆಗಳಿಗೆ ಪೂರ್ತಿ ಹೊಂದುವುದಿಲ್ಲ. ಸಂಬಳ ಇನ್ನೂ ಜಾಸ್ತಿ ಇದ್ದರೆ ವ್ಯತ್ಯಾಸವೂ ದೊಡ್ಡದು. ತೆರಿಗೆಯ ಆದಾಯ 14 ಲಕ್ಷ ಇದ್ದು ಅಡಿಕೆಯ 4 ಲಕ್ಷ ಸೇರಿದರೆ, ತೆರಿಗೆ 90,000ದಿಂದ 1,40,000ಕ್ಕೆ ಏರುತ್ತದೆ. ಅಡಿಕೆಗೆ ತೆರಿಗೆ ಇಲ್ಲ, ಆದರೆ ಅಡಿಕೆಯಿಂದಾಗಿ ಸಂಬಳದ ಮೇಲಿನ ತೆರಿಗೆ 50,000 ಹೆಚ್ಚಾಯಿತು.

ಇದು ಅನ್ಯಾಯವೇ? ನಾನು ಹಾಗೆ ಹೇಳುವುದಿಲ್ಲ. ಪೂರ್ತಿ 14 ಲಕ್ಷವೂ ಸಂಬಳದಿಂದಲೇ ಬರುವವರು ಸೆಸ್ ಸೇರಿ 93,600 ಕಟ್ಟುತ್ತಾರೆ. ಅದೇ 14 ಲಕ್ಷದಲ್ಲಿ 4 ಲಕ್ಷ ಅಡಿಕೆಯದ್ದಾದರೆ 10,400. ಅಡಿಕೆಯವರಿಗೆ ರಿಯಾಯಿತಿ ದೊಡ್ಡದೇ ಇದೆ. ಹಳೆ ಪದ್ಧತಿಯಲ್ಲಾದರೆ ಟೀಚರಿಗೆ ಇದೇ ಲೆಕ್ಕದಲ್ಲಿ 1,50,020 ಬರುತ್ತಿತ್ತು. ನನ್ನ ತಕರಾರು ಒಂದೇ. ಇದನ್ನು ಯಾರೂ ನಮ್ಮ ಭಾಷೆಯಲ್ಲಿ ಮೊದಲೇ ಬಿಡಿಸಿ ಹೇಳುವುದಿಲ್ಲ.

ಹೇಳದೆ ಇರುವುದರಿಂದ ತಪ್ಪು ಆಗುತ್ತದೆ. ಸಂಬಳದವರು ಸಾಮಾನ್ಯವಾಗಿ ತುಂಬುವುದು ಐಟಿಆರ್-1 ಅನ್ನುವ ರಿಟರ್ನ್ ಫಾರ್ಮು. ಅದರಲ್ಲಿ ಕೃಷಿ ಆದಾಯ 5,000ದವರೆಗೆ ಮಾತ್ರ ತೋರಿಸಬಹುದು. ಅದಕ್ಕಿಂತ ಹೆಚ್ಚಿದ್ದರೆ ಐಟಿಆರ್-2 ಬೇಕು. ಎಷ್ಟೋ ಮಂದಿ ತೋಟದ ಕಾಲಂ ಖಾಲಿ ಬಿಟ್ಟು ಐಟಿಆರ್-1 ಹಾಕಿಬಿಡುತ್ತಾರೆ. ಕದಿಯಬೇಕು ಅಂತ ಅಲ್ಲ. ತೆರಿಗೆ ಇಲ್ಲದ್ದನ್ನು ಯಾಕೆ ಬರೆಯುವುದು ಅಂತ. ಮುಂದೆ ಮಗಳ ಮದುವೆಗೋ ಮನೆ ಕಟ್ಟಲಿಕ್ಕೋ ದೊಡ್ಡ ಮೊತ್ತ ತೆಗೆದಾಗ, ಇಷ್ಟು ಹಣ ಎಲ್ಲಿಂದ ಅಂತ ಕೇಳಿದರೆ ಉತ್ತರ ಕೊಡುವುದು ಕಷ್ಟ. ಪ್ರತಿ ವರ್ಷ ತೋರಿಸಿದ ಅಡಿಕೆ ಆದಾಯವೇ ಆಗ ನಮ್ಮ ಸಾಕ್ಷಿ.

ನಿವ್ವಳ ಅನ್ನುವ ಶಬ್ದವನ್ನೂ ಗಟ್ಟಿ ಹಿಡಿಯಿರಿ. ಅಡಿಕೆ ಮಾರಿದ ಪೂರ್ತಿ ಹಣ ಆದಾಯ ಅಲ್ಲ. ಗೊಬ್ಬರ, ಕೊಯ್ಲಿನ ಕೂಲಿ, ಸುಲಿದ ಕೂಲಿ, ಕೊಳೆರೋಗಕ್ಕೆ ಮದ್ದು ಬಿಟ್ಟ ಖರ್ಚು, ಮೈಲುತುತ್ತು, ಸುಣ್ಣ, ಪಂಪಿನ ರಿಪೇರಿ, ಎಲ್ಲ ಕಳೆಯಬಹುದು. ಮಳೆಗಾಲದಲ್ಲಿ ಎರಡು ಮೂರು ಸಲ ಮದ್ದು ಬಿಡಿಸಿದ್ದರೆ ಅದೇ ದೊಡ್ಡ ಮೊತ್ತ. ಆದರೆ ಬರೆದಿಟ್ಟಿದ್ದರೆ ಮಾತ್ರ.

ರಿಬೇಟ್ ಸಿಗದ ಇನ್ನೂ ಕೆಲವು ಆದಾಯ ಇವೆ. ಕೇರಳ ಲಾಟರಿಯ ಬಹುಮಾನಕ್ಕೆ ನೇರವಾಗಿ ಶೇ. 30 ಮತ್ತು ಸೆಸ್. ಬೇರೆ ಆದಾಯವೇ ಇಲ್ಲದಿದ್ದರೂ ಅಷ್ಟೇ, ಹಿಡಿದದ್ದು ವಾಪಸು ಬರುವುದಿಲ್ಲ. ಶೇರು ಮಾರಿದ ಲಾಭ, ಹಳೆ ಬಂಗಾರ ಮಾರಿದ ದೀರ್ಘಾವಧಿ ಲಾಭ, ಇವುಗಳ ತೆರಿಗೆಗೂ ಹೊಸ ಪದ್ಧತಿಯ ರಿಬೇಟ್ ತಾಗುವುದಿಲ್ಲ.

ಗಲ್ಫಿನಲ್ಲಿ ಇರುವವರ ಮನೆಗಳಿಗೂ ಒಂದು ಮಾತು. ಉಪ್ಪಳ, ಕುಂಬಳೆ, ಕಾಸರಗೋಡಿನ ಎಷ್ಟೋ ಮನೆಗಳ ಒಂದು ಕಾಲು ದುಬೈಯಲ್ಲೇ ಇದೆ. ಅನಿವಾಸಿಯಾಗಿ ಇದ್ದು ಅಲ್ಲಿ ದುಡಿದ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ. ಹೊರಗಿನ ದುಡಿಮೆ ಇಡುವ ಎನ್‌ಆರ್‌ಇ ಖಾತೆಯ ಬಡ್ಡಿಗೂ ಇಲ್ಲ. ಆದರೆ ರಿಬೇಟ್ ಇರುವುದು ನಿವಾಸಿಗಳಿಗೆ ಮಾತ್ರ. ಮಂಗಳೂರಿನ ಫ್ಲ್ಯಾಟಿನ ಬಾಡಿಗೆ, ಇಲ್ಲಿಯ ಆದಾಯ ಇಡುವ ಎನ್‌ಆರ್‌ಒ ಖಾತೆಯ ಬಡ್ಡಿ ಎಲ್ಲ ಸೇರಿ ಇಲ್ಲಿಯ ತೆರಿಗೆಯ ಆದಾಯ 7 ಲಕ್ಷ ಆದರೆ ಊರಲ್ಲಿರುವ ಅಣ್ಣನಿಗೆ ಸೊನ್ನೆ, ಗಲ್ಫಿನಲ್ಲಿರುವ ತಮ್ಮನಿಗೆ 15,600.

ಹಿರಿಯರ ಠೇವಣಿಯ ಬಗ್ಗೆಯೂ ಒಂದು ಗೊಂದಲ ಇದೆ. 2025ರ ಏಪ್ರಿಲಿನಿಂದ 60 ದಾಟಿದವರ ಬಡ್ಡಿಗೆ ಬ್ಯಾಂಕು ಟಿಡಿಎಸ್ (ಬಡ್ಡಿ ಕೊಡುವಾಗಲೇ ಕಳೆಯುವ ತೆರಿಗೆ) ಹಿಡಿಯುವ ಮಿತಿ 50,000ದಿಂದ 1 ಲಕ್ಷಕ್ಕೆ ಏರಿತು. ಅದು ಹಿಡಿಯುವ ಮಿತಿ, ತೆರಿಗೆಯ ಮಿತಿ ಅಲ್ಲ. ನಮ್ಮ ಕಡೆಯ ಸರ್ವೀಸ್ ಸಹಕಾರಿ ಬ್ಯಾಂಕುಗಳಲ್ಲಿ ಸದಸ್ಯರ ಠೇವಣಿಗೆ ಎಷ್ಟೋ ಸಲ ಟಿಡಿಎಸ್ ಹಿಡಿಯುವುದೇ ಇಲ್ಲ. ಹಿಡಿಯದಿದ್ದರೂ ಆ ಬಡ್ಡಿ ಆದಾಯವೇ. ರಿಟರ್ನಿನಲ್ಲಿ ಬರೆಯಬೇಕು.

ಗಡಿಯಲ್ಲಿ ಇರುವುದರಿಂದ ನಮಗೆ ಮಾತ್ರ ಆಗುವ ಒಂದು ತೊಂದರೆ ಹೇಳಿ ಮುಗಿಸುತ್ತೇನೆ. ನಾವು ಓದುವ ಪತ್ರಿಕೆ, ನೋಡುವ ಚಾನೆಲ್ ಕರ್ನಾಟಕದ್ದು. ಕಟ್ಟುವ ತೆರಿಗೆ ಕೇರಳದ್ದು. 2023ರ ಏಪ್ರಿಲಿನಿಂದ ಕರ್ನಾಟಕದಲ್ಲಿ ತಿಂಗಳಿಗೆ 25,000ಕ್ಕಿಂತ ಕಡಿಮೆ ಸಂಬಳದವರಿಗೆ ವೃತ್ತಿ ತೆರಿಗೆ ಇಲ್ಲ. ಅದಕ್ಕೆ ಮೇಲೆ ತಿಂಗಳಿಗೆ 200, 2025ರಿಂದ ಫೆಬ್ರವರಿಯಲ್ಲಿ ಮಾತ್ರ 300. ಇದನ್ನು ಓದಿ ಮಂಜೇಶ್ವರದ ಹುಡುಗನೊಬ್ಬ ಪಂಚಾಯತಿನಲ್ಲಿ ವಾದ ಮಾಡಿದ್ದನ್ನು ನಾನೇ ಕಂಡಿದ್ದೇನೆ. ಕೇರಳದಲ್ಲಿ ಇದೇ ತೆರಿಗೆಯನ್ನು ತೊಳಿಲ್ ನಿಕುದಿ ಅಂತ ಪಂಚಾಯತ್ ಅಥವಾ ನಗರಸಭೆ ಆರು ತಿಂಗಳಿಗೊಮ್ಮೆ ವಸೂಲಿ ಮಾಡುತ್ತದೆ. ಅರ್ಧ ವರ್ಷದ ಆದಾಯ 12,000 ಮುಟ್ಟಿದರೆ ಶುರು, ಹೆಚ್ಚೆಂದರೆ 1,250. 2024ರ ಅಕ್ಟೋಬರಿನಿಂದ ಅದಕ್ಕಿಂತ ಕೆಳಗಿನ ಹಂತಗಳ ದರ ಏರಿದೆ. ತಲಪಾಡಿ ದಾಟಿ ಮಂಗಳೂರಿನ ಆಫೀಸಿಗೆ ಹೋಗುವವರಿಗೆ ಸಂಬಳದಲ್ಲಿ ಕರ್ನಾಟಕದ್ದು ಕಳೆಯುತ್ತದೆ. ಎರಡೂ ಕಡೆ ವರ್ಷಕ್ಕೆ 2,500ಕ್ಕಿಂತ ಹೆಚ್ಚು ಹಾಕುವ ಹಾಗಿಲ್ಲ. ಸಂವಿಧಾನವೇ ಹಾಕಿದ ಮಿತಿ ಅದು, 1988ರಿಂದ ಹಾಗೆಯೇ ಇದೆ. ತೀರ್ವೆಯ (ಭೂ ಕಂದಾಯದ) ಕಥೆ ಬೇರೆ. 2025ರ ಕೇರಳ ಬಜೆಟ್ ಅದನ್ನು ಶೇ. 50ರಷ್ಟು ಏರಿಸಿದೆ.

ಈಗ ರಿಟರ್ನ್ ಸಲ್ಲಿಸುವ ಸಮಯ. ಹೆಡ್‌ಮಾಷ್ಟ್ರಿಗೆ ಯಾವ ಪದ್ಧತಿ ಅಂತ ಬರೆದುಕೊಟ್ಟಿದ್ದರೂ ಅದು ಕೊನೆಯ ಮಾತಲ್ಲ. ಸಂಬಳ, ಪಿಂಚಣಿಯವರು ಪ್ರತಿ ವರ್ಷ ರಿಟರ್ನಿನಲ್ಲಿ ಬದಲಿಸಬಹುದು. ಆದರೆ ಗಡುವಿನ ಒಳಗೆ. ತಡವಾದರೆ ಹೊಸ ಪದ್ಧತಿ ಮಾತ್ರ. ಅಂಗಡಿ, ವ್ಯಾಪಾರದವರಿಗೆ ಹೀಗೆ ವರ್ಷ ವರ್ಷ ಆಚೀಚೆ ಹೋಗುವ ಅವಕಾಶ ಇಲ್ಲ. ಹಳೆಯದಕ್ಕೆ ಹೋಗಿ ಒಮ್ಮೆ ಹೊಸತಿಗೆ ಬಂದರೆ ಮತ್ತೆ ಹಿಂದೆ ಹೋಗುವ ಹಾಗಿಲ್ಲ. 2026ರ ಏಪ್ರಿಲ್ 1ರಿಂದ 1961ರ ಕಾಯಿದೆ ಹೋಗಿ 2025ರ ಆದಾಯ ತೆರಿಗೆ ಕಾಯಿದೆ ಬಂದಿದೆ. 80ಸಿ ಅದರಲ್ಲಿ 123 ಆಗಿದೆ, "ತೆರಿಗೆ ವರ್ಷ" ಅನ್ನುವ ಹೊಸ ಮಾತು ಬಂದಿದೆ. 2025-26ರ ಆದಾಯಕ್ಕೆ ಮಾತ್ರ ಹಳೆ ಕಾಯಿದೆಯದ್ದೇ ಲೆಕ್ಕ.

ಟೀಚರ್ ಪಾಲಿಸಿಯ ಅರ್ಜಿಗೆ ಸಹಿ ಹಾಕಲಿಲ್ಲ. ಮರುದಿನ ಫೋನ್ ಮಾಡಿ, "ಮದ್ದು ಬಿಟ್ಟವರ ಕೂಲಿ ಬರೆದ ಚೀಟಿ ಕ್ಯಾಲೆಂಡರಿನ ಹಿಂದೆ ಸಿಕ್ಕಿತು ಮಾಷ್ಟ್ರೇ, ಅದನ್ನು ಲೆಕ್ಕಕ್ಕೆ ತಕ್ಕೊಳ್ಳಬಹುದಾ?" ಅಂತ ಕೇಳಿದರು. ತನ್ನಿ, ನೋಡುವ ಎಂದೆ. ಆ ಖರ್ಚು ಸೇರಿಸಿದ ಮೇಲೆ ಅಡಿಕೆಯ ನಿವ್ವಳ 4 ಲಕ್ಷದಿಂದ 3,40,000ಕ್ಕೆ ಇಳಿಯಿತು. ತೆರಿಗೆ 64,000, ರಿಬೇಟ್ 60,000. ಕಟ್ಟಬೇಕಾದದ್ದು ಸೆಸ್ ಸೇರಿ 4,160.